ರುಚಿ ಕೆಡದ ಪುಡಿ

ಗಂಗಾವತಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ, ಮಗಳು ಕುಳಿತಿದ್ದರು. ಮಗಳ ಕೈಯಲ್ಲಿ ಔಷಧಿ ಅಂಗಡಿಯ ಡಬ್ಬಿಯಿತ್ತು.

“ಇದೇನ್ ಪುಡಿ, ಸುಮಂಗಲಾ?”

“ನಾರಿನ ಪುಡಿ ಅಂತಬೇ. ಮೆಕ್ಕಿಜೋಳದ ಪಿಷ್ಟದಿಂದ ಮಾಡ್ಯಾರ. ಅಪ್ಪಗ ಹೊಟ್ಟಿ ಸಾಫ್ ಆಗಾಕ ಡಾಕ್ಟರ್ ಬರದಾರ.”

“ಹೆಂಗ ಕೊಡೂದು?”

“ಸಾರಿನ್ಯಾಗ ಹಾಕಿದ್ರ ಪೂರಾ ಕರಗ್ತೈತಿ. ರುಚಿ ಕೆಡೂದಿಲ್ಲ, ಅಪ್ಪಗ ಗೊತ್ತೂ ಆಗೂದಿಲ್ಲ.”

“ಕೆಟ್ಟಿದ್ರ ಛಲೋ ಇತ್ತು.”

“ಯಾಕಬೇ?”

“ಮದ್ಲ ಉಪ್ಪು ಒಂಚೂರು ಹೆಚ್ಚಾದ್ರೂ ನಿಮ್ಮಪ್ಪ ತಾಟು ಸರಿಸಿ ಬೈತಿದ್ದ. ಲಕ್ವಾ ಹೊಡದಾಗಿಂದ ಒಂದ್ ಮಾತಿಲ್ಲ. ಆ ಬೈಗಳ ಕೇಳಬೇಕಂತ ಜೀವ ಒದ್ದಾಡ್ತೈತಿ.”

ಮಗಳು ಡಬ್ಬಿಯನ್ನು ಚೀಲದೊಳಗೆ ಇಟ್ಟಳು.

“ಹಂಗಾರ ಇವತ್ತ ಉಪ್ಪು ಜಾಸ್ತಿ ಹಾಕಿ ನೋಡೂಣೇನಬೇ?”

“ನಿನ್ನೆ ಹಾಕಿದ್ನೆವ್ವ. ಸುಮ್ಮನ ಉಂಡ.”

ಕಾರಟಗಿ ಬಸ್ಸು ಬಂತು. ಮಗಳು ತಾಯಿಯ ಕೈ ಹಿಡಿದು ಹತ್ತಿಸಿದಳು.