ನಿದ್ದೆಗೆಟ್ಟವನನ್ನು ದುಡಿಸಿ ಕಂಬಕ್ಕೆ ಕಟ್ಟಿದ ಬಗ್ಗೆ

ನನ್ನ ಹೆಸರು ಸಿದ್ದಮಲ್ಲಪ್ಪ, ವಯಸ್ಸು 58, ನಿವೃತ್ತ ಉಪಾಧ್ಯಾಯ, ವಾಸ ಪಿರಿಯಾಪಟ್ಟಣ ತಾಲ್ಲೂಕು ಮಾವಿನಕೊಪ್ಪಲು. ಈ ಮೂಲಕ ಪೊಲೀಸ್ ಠಾಣೆಗೆ ತಿಳಿಸುವುದೇನೆಂದರೆ, 1943ನೇ ಆಗಸ್ಟ್ 19ರ ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯವರೆಗೆ ನನ್ನ ತಮ್ಮ ಚಿಕ್ಕಬಸಪ್ಪನನ್ನು ಕಳ್ಳನೆಂದು ಹೊಗೆಸೊಪ್ಪಿನ ಬೆಳೆಗಾರ ಅಂಕಯ್ಯನವರ ಅಂಗಳದ ಕಂಬಕ್ಕೆ ಕಟ್ಟಲಾಗಿತ್ತು. ಅವನು ಕಳ್ಳನಲ್ಲ, ಕಾಯಿಲೆಯವನು.

ಕಾಯಿಲೆ ಹದಿನಾಲ್ಕು ವರ್ಷದ್ದು. ಕೆಲವು ಕಾಲ ಅವನಿಗೆ ನಿದ್ದೆ ಬೇಡ, ಮಾತು ನಿಲ್ಲದು, ಕೈಗೆ ಸಿಕ್ಕಿದ್ದನ್ನೆಲ್ಲ ಹಂಚುತ್ತಾನೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರೆ ಸ್ನಾನಕ್ಕೂ ಏಳುವುದಿಲ್ಲ. ನಡುವೆ ನಮ್ಮನಿಮ್ಮಂತೆಯೇ ಇರುತ್ತಾನೆ. 1931ರಲ್ಲಿ ನಾನೇ ಅವನ ಕಾಲಿಗೆ ಹತ್ತೊಂಬತ್ತು ದಿನ ಸರಪಣಿ ಹಾಕಿದ್ದೆ. ಅದನ್ನೂ ಬರೆದುಕೊಳ್ಳಬೇಕು. ಆಮೇಲೆ, ನಿದ್ದೆಯಿಲ್ಲದ ಆ ಹುರುಪು, ಏಳಲಾಗದ ಆ ಮಂಕು ಎರಡೂ ಒಂದೇ ಕಾಯಿಲೆ, ನಿದ್ದೆ ತಪ್ಪಿದ ಮೊದಲ ದಿನವೇ ಮನೆಯವರು ಎಚ್ಚರವಾಗಬೇಕು ಎಂದು ಬೆಂಗಳೂರಿನ ಡಾಕ್ಟರು ತಿಳಿಸಿಕೊಟ್ಟರು. ಅಂದಿನಿಂದ ಗದ್ದಲವಿಲ್ಲದ ಕೋಣೆಯಲ್ಲಿ ಮಲಗಿಸಿ, ಎದುರಾಡದೆ ನೋಡಿಕೊಂಡಿದ್ದೇವೆ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಬೆಂಕಿ ಐದಾರು ದಿನ ಆರಬಾರದು. ನಾನು ಹುಣಸೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, 14ನೇ ತಾರೀಕು, ಅಂಕಯ್ಯನವರು ಅವನನ್ನು ತಮ್ಮ ಬ್ಯಾರನ್ನಿನ ಬೆಂಕಿ ಕಾಯಲು ಕರೆದುಕೊಂಡರು. 16ರಂದು ಅವನ ಹೆಂಡತಿ ಚೆಲುವಮ್ಮ ಒಂದೂವರೆ ಮೈಲಿ ನಡೆದು ಹೋಗಿ, "ಎರಡ್ ದಿನದಿಂದ ಕಣ್ಣು ಮುಚ್ಚಿಲ್ಲ ಕಣ್ರಪ್ಪ, ಮನೆಗೆ ಕಳ್ಸಿ" ಎಂದು ಬೇಡಿದಳು. ಅಂಕಯ್ಯನವರು, "ನಿದ್ದೆ ಬೇಡ್ದೆ ಇರೋ ಆಳ್ನ ದ್ಯಾವ್ರೇ ಕೊಟ್ಟವ್ನೆ. ನೀನ್ಯಾಕವ್ವ ತೊಟ್ಲು ಕಟ್ಟೀಯೆ?" ಎಂದರು. ಆಳುಗಳು ನಕ್ಕರು.

19ರಂದು ಬೆಳಿಗ್ಗೆ ಆರೂವರೆಗೆ ಚಿಕ್ಕಬಸಪ್ಪ ಬ್ಯಾರನ್ನಿನ ಬಾಗಿಲು ತೆರೆದು, ಸೊಪ್ಪು ಹೊತ್ತು, "ಬಂಗಾರ ಆಗೈತೆ, ತಕ್ಕಳ್ರಪ್ಪ!" ಎಂದು ಕೂಗುತ್ತ ಹನ್ನೊಂದು ಮನೆಗೆ ಕೊಟ್ಟನು. ಎಲ್ಲರೂ ನಗುತ್ತ ಈಸಿಕೊಂಡರು. ಯಾರದೆಂದು ಒಬ್ಬರೂ ಕೇಳಲಿಲ್ಲ. ಎಂಟಕ್ಕೆ ಕಟ್ಟುವಾಗ ಅವರಲ್ಲಿ ನಾಲ್ವರು ಹಗ್ಗ ಹಿಡಿದಿದ್ದರು.

ಹನ್ನೊಂದೂವರೆಗೆ ನಾನು ಹುಣಸೂರಿನಿಂದ ಬಂದು ಬಿಚ್ಚಿದೆ. ಮಣಿಕಟ್ಟು ಊದಿತ್ತು. "ನಿಂಗೂ ಒಂದೆಲೆ ಮಡಗಿದ್ದೆ ಕಣಣ್ಣ, ಕಿತ್ಕೊಂಬುಟ್ರು" ಎಂದನು.

ಈಗ ಅಂಕಯ್ಯನವರು ಕಳ್ಳತನದ ದೂರು ಕೊಟ್ಟಿದ್ದಾರೆ. ಅವನನ್ನು ಲಾಕಪ್ಪಿಗೆ ಹಾಕದೆ ಡಾಕ್ಟರ ಬಳಿಗೆ ಕರೆದೊಯ್ಯಲು ಬಿಡಬೇಕು.

ಓದಿ ಹೇಳಿದ್ದನ್ನು ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಒಂದು ಮಾತು ಸೇರಿಸಬೇಕು. ಹೆಂಡತಿ ಬಂದು ಕಾಯಿಲೆಯೆಂದ ಮೇಲೂ ಅವನನ್ನು ಏಕೆ ಇಟ್ಟುಕೊಂಡಿರಿ? ಅಂಕಯ್ಯನವರು ಇದಕ್ಕೆ ಚಾವಡಿಯಲ್ಲಿ, ಆ ಹನ್ನೊಂದು ಮನೆಯವರನ್ನೂ ಕೂರಿಸಿಕೊಂಡು, ಊರೆದುರು ಉತ್ತರ ಹೇಳಬೇಕು.

ಪಿರಿಯಾಪಟ್ಟಣ, 20-8-1943
(ಸಹಿ) ಸಿದ್ದಮಲ್ಲಪ್ಪ