ಟೇಲರ್ ನನಗೆ ಹೊಡೆದಿಲ್ಲವೆಂಬ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 46, ಬಿ.ಎ., ಅವಿವಾಹಿತೆ, ಮುದ್ರಣಾಲಯದಲ್ಲಿ ಆಮಂತ್ರಣ, ಅಭಿನಂದನೆ, ಶ್ರದ್ಧಾಂಜಲಿಗಳಿಗೆ ಪ್ರಾಸ ಹೊಂದಿಸಿ ಅಚ್ಚಿಗೆ ಕೊಡುವ ಕೆಲಸ, ಟೇಲರ್ ಅಂಗಡಿಯ ಮಹಡಿಯಲ್ಲಿ ಒಂದೇ ಕೋಣೆಯ ವಾಸ, ತುಟಿಗೆ ಹೊಲಿಗೆ ಬಿದ್ದು ಮಾತು ಹೊರಡದ ಕಾರಣ ಕೈಯಾರೆ ಬರೆದು ಠಾಣಾಧಿಕಾರಿಗಳಾದ ತಮಗೆ ತಿಳಿಸುವುದೇನೆಂದರೆ:

ನಾನು ಎಂಟು ವರ್ಷಗಳಿಂದ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಾತ್ರೆಯಿಂದ ನಿದ್ದೆ ಬಂತು, ನೆಮ್ಮದಿ ಬಂತು. ಬಾಯಿ ಒಣಗಿ ಹಲ್ಲುಗಳು ಹೋಗತೊಡಗಿದವು. ಕಳೆದ ತಿಂಗಳು ಮೇಲಿನ ಸಾಲಿನ ಮುಂದಿನ ಹಲ್ಲಿನ ಬುಡ ಬಾತು ಕೀವಾಗಿ, ದೊಡ್ಡಾಸ್ಪತ್ರೆಯ ದಂತ ವಿಭಾಗಕ್ಕೆ ಹೋದೆನು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದರು. ಹೇಳಿದೆನು. ಕೈಗೆ ಹಾಕಿಕೊಳ್ಳುತ್ತಿದ್ದ ಗ್ಲೌಸನ್ನು ಅವರು ತೆಗೆದಿಟ್ಟರು. ಇದು ಮನಸ್ಸಿನ ನೋವು, ಹಲ್ಲಿನದಲ್ಲವೆಂದು ಹೇಳಿ ಮಾನಸಿಕ ವಿಭಾಗಕ್ಕೆ ಕಳುಹಿಸಿದರು. ಅಲ್ಲಿಯವರು ಹಲ್ಲು ತಮ್ಮದಲ್ಲವೆಂದು ವಾಪಸು ಕಳುಹಿಸಿದರು.

ಮುಂದಿನ ವಾರ ಮತ್ತೆ ಹೋದೆನು. ನನ್ನ ನಂತರ ಬಂದವರೆಲ್ಲ ಒಳಗೆ ಹೋಗಿ ಹೊರಗೆ ಬಂದರು. ಕೊನೆಗೆ ನರ್ಸ್ ಬಂದು, ನಿಮ್ಮಂಥವರನ್ನು ಒಬ್ಬರನ್ನೇ ಕುರ್ಚಿಗೆ ಕೂರಿಸುವುದಿಲ್ಲ, ಮನೆಯವರನ್ನು ಕರೆತನ್ನಿ ಎಂದರು. ಮನೆಯವರಿಲ್ಲ ಎಂದೆನು. ಹಾಗಿದ್ದರೆ ಯಾರನ್ನಾದರೂ ಕರೆತನ್ನಿ ಎಂದರು. ಮೊಬೈಲಿನಲ್ಲಿದ್ದ ಹೆಸರುಗಳನ್ನು ಬಸ್ ನಿಲ್ದಾಣದಲ್ಲಿ ಕೂತು ಮೇಲಿನಿಂದ ಕೆಳಗೆ ನೋಡಿದೆನು. ಅದರಲ್ಲಿ ಗ್ಯಾಸ್ ಏಜೆನ್ಸಿಯೂ ಇತ್ತು.

ಈ ದಿನ ಬೆಳಿಗ್ಗೆ 7.40ಕ್ಕೆ ನೋವು ತಾಳಲಾರದೆ, ಕೋಣೆಯ ಕನ್ನಡಿಯ ಮುಂದೆ ನಿಂತು ಇಕ್ಕಳದಿಂದ ಆ ಹಲ್ಲನ್ನು ನಾನೇ ಕಿತ್ತೆನು. ಹಲ್ಲು ಬಂತು. ಇಕ್ಕಳ ಜಾರಿ ಪಕ್ಕದ ಹಲ್ಲು ಮುರಿದು ತುಟಿ ಸೀಳಿತು. ರಕ್ತ ನಿಲ್ಲದ್ದರಿಂದ ಕೆಳಗಿಳಿದು ಟೇಲರ್ ಅಂಗಡಿಯ ಬಾಗಿಲು ತಟ್ಟಿದೆನು.

ಟೇಲರ್ ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದು, "ಅಕ್ಕಾ, ಮಾತಾಡ್ಬೇಡಿ, ಇದನ್ನ ಒತ್ತಿ ಹಿಡ್ಕೊಳ್ಳಿ" ಎಂದು ಗಿರಾಕಿಯೊಬ್ಬರ ಲೈನಿಂಗ್ ಬಟ್ಟೆ ಕೊಟ್ಟರು. ಆಟೋದಲ್ಲಿ ಅದೇ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ನನ್ನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಿದ್ದರು. ಅವರ ಅಂಗಿಯ ರಕ್ತ ಹಾಗೆ ಆದದ್ದು.

ಟಾರ್ಚ್ ಹಾಕಿ ಆ ಆಸ್ಪತ್ರೆಯವರು ನನ್ನ ಬಾಯೊಳಗೆ ನೋಡಿದ್ದು ಇಂದೇ ಮೊದಲು. ಯಾರು ಹೊಡೆದರು ಎಂದು ಕೇಳಿದರು. ಯಾರೂ ಇಲ್ಲವೆಂದು ತಲೆಯಾಡಿಸಿದೆನು. ಅವರು ಠಾಣೆಗೆ ಫೋನ್ ಮಾಡಿದರು. ಬಂದ ಹೆಡ್ ಕಾನ್‌ಸ್ಟೆಬಲ್‌ಗೆ ಡಾಕ್ಟರು, "ಆಕೆ ತಲೆಗೆ ಮಾತ್ರೆ ತಗೊಳ್ಳೋರು, ಆಕೆ ಮಾತು ಪೂರ್ತಿ ನಂಬಬೇಡಿ" ಎಂದದ್ದು ನನಗೆ ಕೇಳಿಸಿತು. ಯಾರನ್ನಾದರೂ ಕರೆತನ್ನಿ ಎಂದಿದ್ದರು. ಕರೆತಂದೆನು. ಅವರನ್ನೇ ಪೊಲೀಸರಿಗೆ ಹಿಡಿದು ಕೊಟ್ಟರು.

ಮನೆಯಲ್ಲಿ ಜಗಳವಾಯಿತೇ ಎಂದು ತಾವು ಕೇಳಿದ್ದೀರಿ. ಜಗಳಕ್ಕೆ ಇನ್ನೊಬ್ಬರು ಬೇಕು. ನನ್ನ ಕೋಣೆಯಲ್ಲಿ ಲೋಟವೂ ಒಂದೇ. ಇಕ್ಕಳ ಬಚ್ಚಲ ಕಟ್ಟೆಯ ಮೇಲಿದೆ, ಹಲ್ಲೂ ಅಲ್ಲೇ ಇದೆ. ಕಳುಹಿಸಿ ನೋಡಿಸಬಹುದು.

ಮಧ್ಯಾಹ್ನ ಟೇಲರ್ ಅವರ ಹೆಂಡತಿ ಠಾಣೆಗೆ ಬಂದರು. ನನ್ನ ಮುಂದೆ ನಿಂತು, "ಅಕ್ಕಾ, ಕೈ ಮುಗೀತೀನಿ. ಇನ್ಮೇಲೆ ಏನೇ ಆದ್ರೂ ನಮ್ಮ ಬಾಗಿಲು ಮಾತ್ರ ತಟ್ಟಬೇಡಿ" ಎಂದರು. ಆಗಲಿ ಎಂದು ತಲೆಯಾಡಿಸಿದೆನು. ಅವರ ಮೇಲೆ ನನ್ನ ದೂರಿಲ್ಲ.

ಟೇಲರ್ ಅವರನ್ನು ಕೂಡಲೇ ಬಿಡಬೇಕಾಗಿ ಕೋರುತ್ತೇನೆ. ನಮ್ಮಿಬ್ಬರದೂ ಒಂದೇ ಬೀದಿ, ಒಂದೇ ಗೇಟು. ಜೊತೆಯಲ್ಲಿ ಹೋದರೆ ಜನ ಒಂದಕ್ಕೆ ಎರಡು ಸೇರಿಸುತ್ತಾರೆ. ಆದ್ದರಿಂದ ಅವರು ಹೋಗಿ ಮನೆ ಸೇರುವವರೆಗೆ ನನ್ನನ್ನು ಇದೇ ಬೆಂಚಿನ ಮೇಲೆ ಕೂರಲು ಬಿಡಬೇಕು.

ಇದಿಷ್ಟನ್ನೂ ಯಾರ ಬಲವಂತವಿಲ್ಲದೆ, ಬೆಳಗಿನ ಮಾತ್ರೆ ತೆಗೆದುಕೊಂಡು, ನೆಟ್ಟಗಿರುವ ಬುದ್ಧಿಯಿಂದ ಬರೆದಿದ್ದೇನೆ. ಬರೆದದ್ದೆಲ್ಲ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳು 14, ಮಂಗಳವಾರ
(ಸಹಿ)