ಐಸ್ ಪ್ಲಾಂಟಿನಲ್ಲಿ ಚಳಿ ಅಭ್ಯಾಸ ಮಾಡಿದ ಬಗ್ಗೆ

ನಾನು ಬೇಬಿ ಕುಂದರ್, ಪ್ರಾಯ 52 ವರ್ಷ, ಗಂಡ ಸರ್ವೋತ್ತಮ, ಕಸುಬು ಮೀನು ಮಾರಾಟ, ವಾಸ ಕಾಪು ದೀಪಸ್ತಂಭದ ಹತ್ತಿರ. ಈ ದಿನ ಠಾಣೆಯಲ್ಲಿ ಖುದ್ದಾಗಿ ಹಾಜರಿದ್ದು, ಯಾರ ಒತ್ತಾಯವೂ ಇಲ್ಲದೆ ಬರೆಸುವುದೇನೆಂದರೆ, ಐಸ್ ಪ್ಲಾಂಟಿನಲ್ಲಿ ಸಿಕ್ಕಿದವಳು ನಾನೇ. ಆದರೆ ನಾನು ಕಳ್ಳಿ ಅಲ್ಲ.

ನನ್ನ ತಂಗಿಯ ಮಗಳು ವಿಜೇತಾ ಮಣಿಪಾಲದಲ್ಲಿ ಒಂದು ಹಾಸ್ಟೆಲಿನ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಕಳೆದ ದೀಪಾವಳಿಗೆ ಬಂದವಳು ಉತ್ತರಾಂಚಲದ ಔಲಿ ಎಂಬ ಊರಿನ ಫೋಟೋ ತೋರಿಸಿದಳು. ಅದರಲ್ಲಿ ಒಬ್ಬ ಹೆಂಗಸು ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಜಾರುತ್ತಿದ್ದಳು. ಪ್ರಾಯ ನನ್ನಷ್ಟೇ ಇರಬಹುದು. ಇದಕ್ಕೆ ಸ್ಕೀಯಿಂಗ್ ಎನ್ನುತ್ತಾರೆ ದೊಡ್ಡಮ್ಮ ಎಂದು ವಿಜೇತಾ ಹೇಳಿದಳು. ಮದುವೆಯಾಗಿ ಬಂದಂದಿನಿಂದ ಐಸಿನಲ್ಲಿ ಕೈ ಹಾಕಿ ಹಾಕಿ ನನ್ನ ಬೆರಳು ಮರಗಟ್ಟಿದೆ. ಒಂದು ಸಲವಾದರೂ ಐಸಿನ ಮೇಲೆ ಕಾಲಿಟ್ಟು ನಗಬೇಕೆಂದು ನನಗೆ ಆಸೆಯಾಯಿತು. ಹೆಡ್ ಕಾನ್‌ಸ್ಟೇಬಲ್ ಸಿದ್ದಣ್ಣನವರು ಆಸೆಯ ವಿಷಯ ಹೇಳಿಕೆಯಲ್ಲಿ ಬೇಡ ಎಂದರು. ಬರೆಯಲೇಬೇಕೆಂದು ನಾನು ಹೇಳಿದ್ದೇನೆ.

ಆ ದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಉಡುಪಿಯಿಂದ ರೈಲಿನಲ್ಲಿ ದಿಲ್ಲಿ, ಅಲ್ಲಿಂದ ಹರಿದ್ವಾರ, ಮತ್ತೆ ಬಸ್ಸಿನಲ್ಲಿ ಜೋಶಿಮಠ. ಅಲ್ಲಿ ರೂಮು ಮಾಡಿ, ಬೆಳಿಗ್ಗೆ ರೋಪ್‌ವೇಯಲ್ಲಿ ಔಲಿಗೆ ಹೋಗುವುದು. ನೆರೆಯವರಿಗೆ ಹರಿದ್ವಾರ ಯಾತ್ರೆ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ, ದಾರಿಯಲ್ಲಿ ಸಿಗುತ್ತದೆ. ಹಾಸ್ಟೆಲಿನ ಉತ್ತರ ಭಾರತದ ಹುಡುಗಿಯರಿಂದ ವಿಜೇತಾ ಹಳೆಯ ಜಾಕೆಟು, ಮಂಕಿ ಕ್ಯಾಪು ತಂದಳು. ಒಡೆದ ದೋಣಿಯ ಎರಡು ಹಲಗೆಗೆ ರಬ್ಬರ್ ಚಪ್ಪಲಿ ಮೊಳೆ ಹೊಡೆದು, ಕಡಲ ಬದಿಯ ಮರಳ ದಿನ್ನೆಯಲ್ಲಿ ಜಾರಿ ನೋಡಿದೆವು. ನಾಲ್ಕು ಸಲ ಬಿದ್ದೆ. ಊರೇ ನಗಾಡಿತು. ನಗಲಿ, ಅವರಿಗೆ ಟಿಕೆಟ್ ಇಲ್ಲ.

ಟಿಕೆಟ್ ಮಾಡಿಸಿದ್ದು ಮೂರು. ಮೂರನೆಯದು ನನ್ನ ಗಂಡನಿಗೆ. ಅವರು ಬೋಟಿಗೆ ಹೋಗುವುದನ್ನು ಬಿಟ್ಟು ಈಗ ದಡದಲ್ಲಿ ಬಲೆ ಸರಿಮಾಡುತ್ತಾರೆ. ಮೊದಮೊದಲು ಅವರೂ ಫೋಟೋ ತಿರುಗಿಸಿ ತಿರುಗಿಸಿ ನೋಡಿದ್ದರು. ನಾವಿಬ್ಬರು ಜೊತೆಯಾಗಿ ರೈಲು ಹತ್ತಿದವರೇ ಅಲ್ಲ. ಅವರು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಆ ಬೆಟ್ಟ ಹತ್ತಿದರೂ ಒಂದೇ, ಇಳಿದರೂ ಒಂದೇ.

ಹದಿನೈದು ದಿನದ ಹಿಂದೆ ನಾನು ಕಾರ್ಕಳಕ್ಕೆ ಹೋಗಿ ನನ್ನ ಹಳೆಯ ಗಿರಾಕಿ ಕೂಸಪ್ಪಣ್ಣನನ್ನು ಕಂಡೆ. ಅವರು ಮಿಲಿಟರಿಯಲ್ಲಿ ಇದ್ದವರು. ತಮ್ಮ ದೊಡ್ಡ ಕೋಟನ್ನು ಕೊಟ್ಟು, ಕರಾವಳಿಯವರು ಒಮ್ಮೆಗೇ ಆ ಚಳಿಗೆ ಹೋದರೆ ಮಲಗಿಬಿಡುತ್ತಾರೆ, ಮೊದಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಬೇಕು, ಬೂಟಿಲ್ಲದೆ ಹಿಮದಲ್ಲಿ ಹೆಜ್ಜೆ ಇಡಲೇಬಾರದು ಎಂದು ಹೇಳಿದರು. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಬಲೆ ಕೆಳಗಿಟ್ಟು, ಐಸ್ ನೋಡಲು ಅಷ್ಟು ದೂರ ಯಾಕೆ, ನಿನ್ನ ಬುಟ್ಟಿಯಲ್ಲಿ ಇರುವುದು ಎಂತ ಎಂದು ಕೇಳಿದರು. ತಾನು ಬರುವುದಿಲ್ಲ ಎಂದರು. ಕಾರಣ ಕೇಳಿದರೆ ಬಲೆ ಎತ್ತಿಕೊಂಡು ಹೊರಗೆ ಹೋದರು. ನನಗೂ ಸಿಟ್ಟು ಬಂದು, ಅಂದಿನಿಂದ ಅವರಿಗೆ ಊಟ ಬಡಿಸುವಾಗಲೂ ಮಾತಾಡಲಿಲ್ಲ.

ಚಳಿ ಅಭ್ಯಾಸಕ್ಕೆ ನಮ್ಮೂರಿನಲ್ಲಿ ಬೇರೆ ಜಾಗ ಎಲ್ಲಿ ಉಂಟು? ಐಸ್ ಪ್ಲಾಂಟಿನ ಮ್ಯಾನೇಜರ್ ಸ್ಟ್ಯಾನಿಸ್ಲಾಸ್‌ರವರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಆದಿತ್ಯವಾರ ಲೋಡಿಂಗ್ ಇಲ್ಲ, ಬನ್ನಿ ಎಂದರು. ಅದರಂತೆ ಈ ದಿನ ಮಧ್ಯಾಹ್ನ 3 ಗಂಟೆಗೆ ನಾನು ಮತ್ತು ವಿಜೇತಾ ಐಸ್ ಇಡುವ ಕೋಣೆಯ ಒಳಗೆ ಹೋದೆವು. ನನ್ನ ಮೈಮೇಲೆ ಮಿಲಿಟರಿ ಕೋಟು, ಮುಖಕ್ಕೆ ಮಂಕಿ ಕ್ಯಾಪು, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಹಲಗೆ. ಸ್ಟ್ಯಾನಿಸ್ಲಾಸ್‌ರವರು ಬಾಗಿಲು ಒರಗಿಸಿ ಚಾ ಕುಡಿಯಲು ಹೋದರು. ನಾವು ಒಳಗಿರುವುದನ್ನು ಕೆಲಸದವರಿಗೆ ಹೇಳಲು ಅವರಿಗೆ ಮರೆತುಹೋಗಿದೆ.

ಸ್ವಲ್ಪ ಹೊತ್ತಿನಲ್ಲಿ, ಪ್ಲಾಂಟಿನಲ್ಲೇ ವಾಸವಿರುವ ಲೋಡಿಂಗ್ ಕೆಲಸದ ಯಮನೂರ ಒಳಗೆ ಸದ್ದು ಕೇಳಿ ಬಾಗಿಲು ತೆರೆದ. ಬಿಳಿ ಹೊಗೆಯ ನಡುವೆ ನಮ್ಮ ಅವತಾರ ಕಂಡು ಯವ್ವಾ ಎಂದು ಕೂಗಿ, ಕಳ್ಳರೆಂದು ಹೊರಗಿನಿಂದ ಚಿಲಕ ಹಾಕಿ ಠಾಣೆಗೆ ಓಡಿದ. ಅವನದು ತಪ್ಪಲ್ಲ. ಆ ವೇಷದಲ್ಲಿ ನನ್ನನ್ನು ಹೆತ್ತ ತಾಯಿ ಕಂಡರೂ ಓಡುತ್ತಿದ್ದಳು. ಅವನ ಮೇಲೆ ನನ್ನ ದೂರು ಇಲ್ಲ.

ಬಾಗಿಲು ಬಡಿದು ಬಡಿದು ಕೈ ಸೋತಿತು. ವಿಜೇತಾ ಅಳತೊಡಗಿದಳು. ನನಗೂ ಹೆದರಿಕೆಯಾಯಿತು. ಸುಮ್ಮನೆ ನಿಂತರೆ ಹೆಪ್ಪುಗಟ್ಟುತ್ತೇವೆ ಎಂದು ನಾನು ಹಲಗೆಗೆ ಕಾಲು ಹಾಕಿದೆ. ಆ ಕೋಣೆಯಲ್ಲಿ ಐಸ್ ಬ್ಲಾಕ್ ಜಾರಿಸುವ ಮರದ ಇಳಿಜಾರು ಉಂಟು, ಅದರ ತುಂಬ ಐಸಿನ ಹುಡಿ. ಮೇಲಿನಿಂದ ಕೆಳಗಿನ ಗೋಡೆಯವರೆಗೆ ಜಾರಿದೆ. ಬೀಳಲಿಲ್ಲ. ಅಯ್ಯೋ ದೇವರೇ, ಬೀಳಲಿಲ್ಲ! ವಿಜೇತಾ ಅಳು ಬಿಟ್ಟು ಚಪ್ಪಾಳೆ ತಟ್ಟಿದಳು. ಮತ್ತೆ ಹತ್ತಿದೆ, ಮತ್ತೆ ಜಾರಿದೆ. ಪೊಲೀಸರು ಬಾಗಿಲು ತೆರೆಯುವಾಗ ನಾನು ಕೂಗುತ್ತಿದ್ದದ್ದು ಸಹಾಯಕ್ಕಾಗಿ ಅಲ್ಲ, ಖುಷಿಗೆ.

ಸುದ್ದಿ ತಿಳಿದು ನನ್ನ ಗಂಡ ಕಡಲ ಬದಿಯಿಂದ ಓಡಿ ಬಂದಿದ್ದರು. ಪೊಲೀಸರನ್ನು ದಾಟಿ ಒಳಗೆ ಬಂದು, ಎಲ್ಲರ ಎದುರಿನಲ್ಲೇ ನನ್ನ ಎರಡೂ ಕೈ ಹಿಡಿದು ಉಜ್ಜಿದರು. ನಾನು ಬೀಳಲಿಲ್ಲ ಎಂದು ಅವರಿಗೆ ಹೇಳಿದೆ. ಕಂಡೆ ಎಂದರು.

ಆಮೇಲೆ ಠಾಣೆಯಲ್ಲಿ ಎಸ್.ಐ. ಸಾಹೇಬರು, ಹೆಂಡತಿಯ ಜೊತೆ ನೀವು ಯಾಕೆ ಹೋಗುವುದಿಲ್ಲ ಎಂದು ಅವರನ್ನು ಕೇಳಿದರು. ಅವರು ತಲೆ ತಗ್ಗಿಸಿ, ಹುಟ್ಟಿದಂದಿನಿಂದ ಬರಿಗಾಲಲ್ಲಿ ಇದ್ದವನು ನಾನು, ಬೂಟು ಬೇಕೆಂದು ಇವಳು ಹೇಳಿದ ಮೇಲೆ ಗುಟ್ಟಾಗಿ ಉಡುಪಿಯ ಮೂರು ಅಂಗಡಿಯಲ್ಲಿ ನೋಡಿದೆ, ನನ್ನ ಕಾಲು ಯಾವ ಬೂಟಿಗೂ ಹೋಗುವುದಿಲ್ಲ, ಅಂಗಡಿಯ ಹುಡುಗಿಯರು ನಕ್ಕರು ಎಂದು ಹೇಳಿದರು. ಈ ಸಂಗತಿ ನನಗೆ ತಿಳಿದದ್ದು ಆಗಲೇ. ನನ್ನ ಎಲ್ಲ ಸಿಟ್ಟು ಇಳಿದು ಕಣ್ಣಲ್ಲಿ ನೀರು ಬಂತು. ಇದನ್ನೂ ಬರೆಯಿರಿ ಎಂದು ಹೇಳಿದ್ದೇನೆ.

ಇದನ್ನು ಬರೆಯುತ್ತಿದ್ದ ಸಿದ್ದಣ್ಣನವರು ಪೆನ್ನು ಕೆಳಗಿಟ್ಟು, ತಮ್ಮ ಅಗಲ ಕಾಲಿನ ದೊಡ್ಡ ಬೂಟು ಬಿಚ್ಚಿ ಮುಂದೆ ಸರಿಸಿದರು. ನನ್ನ ಗಂಡ ಕಾಲು ತೂರಿಸಿ, ಲೇಸು ಕಟ್ಟಲು ಬಾರದೆ ನನ್ನ ಮುಖ ನೋಡಿದರು. ನಾನು ಬಗ್ಗಿ ಕಟ್ಟಿದೆ. ಅವರು ಠಾಣೆಯ ಒಳಗೆ ಎರಡು ಸುತ್ತು ನಡೆದರು.

ಈ ಪ್ರಕರಣದಲ್ಲಿ ನನ್ನಿಂದ ವಶಪಡಿಸಿಕೊಂಡ ಎರಡು ಹಲಗೆ ಠಾಣೆಯಲ್ಲೇ ಇರಲಿ. ಠಾಣೆಯಿಂದ ನಾನು ಪಡೆದದ್ದು ಒಂದು ಜೊತೆ ಬೂಟು. ನಾಳೆ ರೈಲಿಗೆ ಮೂರು ಜನ ಹೋಗುತ್ತೇವೆ. ಬಂದ ಮೇಲೆ ಬೂಟನ್ನು ಒರೆಸದೆ, ಔಲಿಯ ಮಣ್ಣಿನ ಸಮೇತ ಒಪ್ಪಿಸುತ್ತೇನೆ.

ನಾನು ಹೇಳಿದಂತೆಯೇ ಬರೆದು, ಓದಿ ಕೇಳಿಸಿದ್ದಾರೆ. ಒಂದು ಮಾತೂ ಸುಳ್ಳಿಲ್ಲ.

ಸ್ಥಳ: ಕಾಪು
ದಿನಾಂಕ: 16-01-2005
ಸಹಿ: ಬೇಬಿ ಕುಂದರ್
ಸಾಕ್ಷಿ: ಸರ್ವೋತ್ತಮ (ಬೂಟು ಹಾಕಿಕೊಂಡೇ ಸಹಿ ಮಾಡಿದ್ದಾರೆ)